ಅವ್ವನ ಬದನೆಯ ಮುಂದೆ ನಂಬರು ಹಲಗೆ

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಹೋರಾಟ ಜೋರಾಗಿದ್ದ ಕಾಲ ಅದು. ಮುಷ್ಕರದಿಂದಾಗಿ ಶಾಲೆಗಳು ಮುಚ್ಚಿದ್ದವು. ತಾಂಡೂರಿನಲ್ಲಿ ಟೀಚರಾಗಿದ್ದ ನಾನು ಕರ್ನಾಟಕದ ಗಡಿಗೆ ಅಂಟಿದ ಝರಾಸಂಗಂ ಹತ್ತಿರದ ತವರಿಗೆ ಬಂದು ಕೂತಿದ್ದೆ. ಒಂದು ಬೆಳಿಗ್ಗೆ ಬೀಜದ ಕಂಪನಿಯ ಜೀಪು ಊರಿಗೆ ಬಂತು. ಜಹೀರಾಬಾದಿನ ಆಚೆ, ಹೆದ್ದಾರಿಯಿಂದ ಒಳಕ್ಕೆ, ಹೊಸ ತಳಿಯ ತರಕಾರಿಗಳನ್ನು ಬೆಳೆದು ಪರೀಕ್ಷೆ ಮಾಡುವ ಹೊಲ ಕಂಪನಿಗಿತ್ತು. ಅದನ್ನು ತೋರಿಸಲು ರೈತರನ್ನು ಕರೆದೊಯ್ಯುತ್ತಿದ್ದರು.

ಅವ್ವ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟಳು. ಅವಳಿಗೆ ಹೊಲಕ್ಕಿಂತ ಹೆಚ್ಚಾಗಿ ಅಲ್ಲಿ ಕೆಲಸಕ್ಕಿದ್ದ ತನ್ನ ಅಕ್ಕನ ಮಗನನ್ನು ನೋಡುವ ಆಸೆ. ಅವನು ಪೆದ್ದೆಮುಲ್ ಕಡೆಯ ಹಳ್ಳಿಯವನಾದರೂ ಬೆಳೆದದ್ದು ನಮ್ಮ ಮನೆಯಲ್ಲಿ. ಹೈಸ್ಕೂಲು, ಕಾಲೇಜು ಎರಡನ್ನೂ ನಮ್ಮೂರಿಂದ ಜಹೀರಾಬಾದಿಗೆ ಬಸ್ಸಿನಲ್ಲಿ ಓಡಾಡಿಯೇ ಮುಗಿಸಿದ. ಅವನಿಗೆ ಅವ್ವ ಸಣ್ಣವ್ವ, ನನಗೆ ಅವನು ಅಣ್ಣ. ನನ್ನದಕ್ಕಿಂತ ಅವನ ಬುತ್ತಿಯಲ್ಲೇ ಒಂದು ರೊಟ್ಟಿ ಹೆಚ್ಚಿರುತ್ತಿತ್ತು ಎಂದು ನಾನು ಎಷ್ಟೋ ಸಲ ಜಗಳ ತೆಗೆದಿದ್ದೆ.

ಹೋರಾಟದಲ್ಲೂ ಅವನು ಮುಂದೆ ಇದ್ದ. ಜಹೀರಾಬಾದಿನ ಸಭೆಯೊಂದರಲ್ಲಿ ಅವನು ಮಾತಾಡಿದಾಗ ನಾನೂ ಅವ್ವನೂ ಮುಂದಿನ ಸಾಲಿನಲ್ಲಿ ಕೂತಿದ್ದೆವು. ಆಂಧ್ರದವರು ನಮ್ಮ ನೀರು ಒಯ್ದರು, ನಮ್ಮ ನೌಕರಿ ಒಯ್ದರು, ಒಂದು ಮಾತು ನಮ್ಮನ್ನು ಕೇಳಲಿಲ್ಲ ಎಂದು ಅವನು ತೆಲುಗಿನಲ್ಲಿ ಕೂಗಿದಾಗ ಜನ ಎದ್ದು ನಿಂತರು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಖರೇನ ಮಾತಾಡ್ತಾನ ನೋಡು ನನ್ನ ಮಗ" ಎಂದಿದ್ದಳು.

ಕಂಪನಿಯ ಹೊಲ ಅಚ್ಚುಕಟ್ಟಾಗಿತ್ತು. ಟೊಮ್ಯಾಟೊ, ಬೆಂಡೆ, ಹೀರೆ, ಮೆಣಸಿನಕಾಯಿ, ಎಲ್ಲಕ್ಕೂ ನೆಲದ ಬೇರೆ ಬೇರೆ ಪಟ್ಟಿ. ಪ್ರತಿ ಪಟ್ಟಿಯ ತಲೆಗೆ ಒಂದು ಹಳದಿ ಹಲಗೆ, ಅದರ ಮೇಲೆ ಹೆಸರಿನ ಬದಲು ನಂಬರು. ಶಾಮಿಯಾನದ ಕೆಳಗೆ ನಮಗೆಲ್ಲ ಟೋಪಿ ಕೊಟ್ಟರು. ಹೈದರಾಬಾದಿನಿಂದ ಬಂದಿದ್ದ ಸಾಹೇಬರು ಮುಂದೆ, ಅಣ್ಣ ಅವರ ಪಕ್ಕದಲ್ಲಿ. ಅವ್ವ ಕೈ ಎತ್ತಿ ಅವನನ್ನು ಕರೆದಳು. ಅವನು ನೋಡಿದ, ಆದರೆ ಬರಲಿಲ್ಲ. ಕೆಲಸದ ಗಡಿಬಿಡಿ ಎಂದುಕೊಂಡೆವು.

ಬದನೆಯ ಪಟ್ಟಿಗೆ ಬಂದಾಗ ಅವ್ವ ನಿಂತುಬಿಟ್ಟಳು. ಕೊನೆಯ ಸಾಲಿನಲ್ಲಿ ಗಿಡ್ಡ ಗಿಡಗಳು. ಹಸಿರು ಕಾಯಿ, ಮೇಲೆ ಬಿಳಿ ಗೆರೆ, ತೊಟ್ಟಿನ ಹತ್ತಿರ ಮಾತ್ರ ನೇರಳೆ ಬಣ್ಣ. ನಮ್ಮ ಹಿತ್ತಲಿನ ಬದನೆ. ಅಜ್ಜಿಯಿಂದ ಅವ್ವನಿಗೆ ಬಂದದ್ದು. ಪ್ರತಿ ವರ್ಷ ಅವ್ವ ಒಳ್ಳೆಯ ಗಿಡದ ಒಂದೆರಡು ಕಾಯಿ ಹಣ್ಣಾಗಲು ಬಿಟ್ಟು, ಬೀಜ ತೊಳೆದು, ಬೂದಿಯಲ್ಲಿ ಕಲಸಿ ಒಣಗಿಸಿ ಇಡುತ್ತಿದ್ದಳು. ನಾರಾಯಣಖೇಡಕ್ಕೆ ಮದುವೆಯಾಗಿ ಹೋದ ಹುಡುಗಿಯರೂ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿದ್ದರು. ಕೇಳಿದವರಿಗೆ ಇಲ್ಲ ಎಂದವಳಲ್ಲ ಅವ್ವ, ಯಾರಿಗೂ ಮಾರಿದವಳೂ ಅಲ್ಲ.

"ಇದು ನಮ್ದಲ್ಲೇನ?" ಎಂದು ನನ್ನ ಕಡೆ ತಿರುಗಿ ನಕ್ಕಳು. ಅವಳಿಗೆ ಆಗ ಖುಷಿಯೇ ಆಗಿತ್ತು. ಬಾಗಿ ಒಂದು ಕಾಯಿ ಹಿಡಿದಳು.

ಸಾಹೇಬರು ಗಟ್ಟಿಯಾಗಿ ಏನೋ ಅಂದರು. ಅಣ್ಣ ಓಡಿ ಬಂದ.

"ಅಮ್ಮಾ, ಮುಟ್ಟುಕೋಕಂಡಿ" ಎಂದ. ಮುಟ್ಟಬೇಡಿ ಎಂದು ತೆಲುಗಿನಲ್ಲಿ, ಅಪರಿಚಿತರಿಗೆ ಹೇಳುವ ಹಾಗೆ. ಹುಟ್ಟಿದಾಗಿನಿಂದ ಅವಳ ಜೊತೆ ಕನ್ನಡ ಬಿಟ್ಟು ಬೇರೆ ಮಾತಾಡದವನು.

ಅವ್ವ ನಗುತ್ತಲೇ, "ಯಪ್ಪಾ, ನಮ್ಮ ಹಿತ್ತಲದ ಬದನಿ ಅಲ್ಲೇನೋ ಇದು? ನೀ ಯಾವಾಗ ಒಯ್ದಿ?" ಎಂದಳು.

ಸಾಹೇಬರಿಗೆ ಕನ್ನಡ ತಿಳಿಯಲಿಲ್ಲ. ಈಕೆ ಏನನ್ನುತ್ತಾಳೆ ಎಂದು ಅಣ್ಣನನ್ನು ಕೇಳಿದರು. ಕಾಯಿ ಚೆನ್ನಾಗಿದೆ, ಬೀಜ ಯಾವಾಗ ಮಾರ್ಕೆಟ್ಟಿಗೆ ಬರುತ್ತದೆ ಎಂದು ಕೇಳುತ್ತಿದ್ದಾಳೆ ಎಂದು ಅವನು ಹೇಳಿದ. ಆಮೇಲೆ ಅವ್ವನ ಮುಖ ನೋಡದೆ, "ಮೀದಿ ಏ ಊರು ಅಮ್ಮಾ?" ಎಂದ.

ನಿಮ್ಮದು ಯಾವ ಊರು ಎಂದು ಕೇಳಿದ ಅವನು, ನಮ್ಮ ಅವ್ವನನ್ನು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. ತಾನೇ ಊರಿನ ಹೆಸರು ಹೇಳಿದಳು, ಅವನು ಕೇಳಿದ ತೆಲುಗಿನಲ್ಲೇ. ಊಟಕ್ಕೆ ಕೂತಾಗ ಅನ್ನ ಕಲಸಿ ಹಾಗೇ ಬಿಟ್ಟಳು. ವಾಪಸ್ ಬರುವ ಜೀಪಿನಲ್ಲಿ ಹೆಂಗಸರೆಲ್ಲ ಟೋಪಿ ಹಾಕಿಕೊಂಡು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಅವ್ವ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕಬ್ಬಿನ ಹೊಲ ನೋಡುತ್ತಿದ್ದಳು.

ಆ ವಾರವೇ ಅಣ್ಣ ಸೇಬು ಹಣ್ಣು ಹಿಡಿದುಕೊಂಡು ಮನೆಗೆ ಬಂದ. ಅಂಗಳದ ಕಟ್ಟೆಯ ಮೇಲೆ ಕೂತ. ಊರೂರಿನ ಹಳೆಯ ತಳಿ ತಂದುಕೊಟ್ಟವರ ನೌಕರಿ ಕಾಯಂ ಮಾಡುತ್ತೇವೆ ಎಂದು ಕಂಪನಿಯವರು ಹೇಳಿದ್ದರಂತೆ. ಯಾರದೋ ಮನೆಯ ಬೀಜ ಎಂದರೆ ನಾಳೆ ತಕರಾರು ಬಂದೀತೆಂದು, ಪಾಳುಬಿದ್ದ ಹಿತ್ತಲಲ್ಲಿ ಸಿಕ್ಕಿತು ಎಂದು ಇವನು ಹೇಳಿದ್ದನಂತೆ.

"ಸಾಹೇಬ್ರ ಮುಂದ ಏನ್ ಹೇಳ್ಲಿ ಸಣ್ಣವ್ವಾ? ನೌಕರಿ ಹೋಗ್ತಿತ್ತು. ನೀ ಎಲ್ಲಾರಿಗೂ ಕೊಡ್ತಿ. ನಾ ಒಯ್ದ್ರ ಏನ್ ತಪ್ಪಾತು?"

"ಎಲ್ಲಾರೂ ಕೇಳಿ ಒಯ್ತಾರೋ ಯಪ್ಪಾ" ಎಂದಳು ಅವ್ವ. "ನೀ ಕೇಳಿದ್ರ ನಾ ಕೊಡ್ತಿದ್ದಿಲ್ಲೇನು? ಒಯ್ದಿ, ಒಯ್ಯಿ. ನಮ್ಮನಿ ಪಾಳು ಬಿದ್ದೈತಿ ಅಂದ್ಯಲ್ಲ."

ಅವನು ತಲೆ ತಗ್ಗಿಸಿದ. ತಪ್ಪಾಯಿತು ಎಂದು ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಬಾಗಿಲಲ್ಲಿ ನಿಂತು ಕಾದೆ. ಅವನು ಹೇಳಿದ್ದು ಬೇರೆ. "ಊರಾಗ ಯಾರ ಮುಂದೂ ಈ ಮಾತ ತಗೀಬ್ಯಾಡ್ರಿ. ಹೋರಾಟದಾಗ ನನ್ನ ಹೆಸರು ಐತಿ."

ಅವ್ವ ಎದ್ದು ಒಳಗೆ ಹೋದಳು. ಅವನು ಚಹಾ ಬರಬಹುದೆಂದು ಸ್ವಲ್ಪ ಹೊತ್ತು ಕೂತಿದ್ದು ಎದ್ದುಹೋದ.

ಅವ್ವ ಯಾರ ಮುಂದೂ ಹೇಳಲಿಲ್ಲ. ಅವನ ಮರ್ಯಾದೆ ಉಳಿಸಬೇಕೆಂದಲ್ಲ. ಹೇಳಿದರೆ ಪೆದ್ದೆಮುಲ್ ಕಡೆಯ ಹಳ್ಳಿಯಲ್ಲಿದ್ದ ತನ್ನ ಅಕ್ಕನ ಎದೆ ಒಡೆಯುತ್ತದೆ ಎಂದು. ದೊಡ್ಡವ್ವ ಆಮೇಲೂ ಮಳೆಗಾಲಕ್ಕೆ ಮೊದಲು ಬರುತ್ತಿದ್ದಳು, ಬೀಜ ಒಯ್ಯುತ್ತಿದ್ದಳು. ಮಗನ ಸಾಹೇಬಗಿರಿಯನ್ನು ಹೊಗಳುತ್ತಿದ್ದಳು. ಅವ್ವ ಹೂಂ ಅನ್ನುತ್ತಿದ್ದಳು. ಆ ಹೂಂ ಕೇಳುವಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ರಾಜ್ಯ ಬಂತು. ಅಣ್ಣನ ನೌಕರಿ ಕಾಯಂ ಆಗಿ ಅವನು ಹೈದರಾಬಾದಿಗೆ ಹೋದ. ಎಷ್ಟೋ ವರ್ಷಗಳ ನಂತರ ತಾಂಡೂರಿನ ಒಂದು ಮದುವೆಯ ಊಟದಲ್ಲಿ ಎದುರಾದ. ಹೊಟ್ಟೆ ಬಂದಿತ್ತು, ಕೂದಲು ಬೆಳ್ಳಗಾಗಿತ್ತು. ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, "ಸಣ್ಣವ್ವ ಹ್ಯಾಂಗ ಅದಾಳ?" ಎಂದ.

"ಚಲೋ ಅದಾಳ" ಎಂದೆ.

ಅವನು ಇನ್ನೂ ಏನೋ ಕೇಳುವವನಿದ್ದ. ಬಡಿಸುವವರು ಸಾಲಿಗೆ ಬಂದರು. ನಾನು ಅವನ ಕಡೆ ತಿರುಗದೆ ತಟ್ಟೆ ಮುಂದೆ ಎಳೆದುಕೊಂಡು ಊಟಕ್ಕೆ ತೊಡಗಿದೆ.