ಬಿಸಿ ಓಣಿಯ ಮೇಡಂ

ಗಣಕಗಳ ಕೆಲಸವನ್ನು ಕೊಂಡಾಡುವವರು ಬಹಳ. ಆ ಗಣಕಗಳು ಉಸಿರಾಡುವ ಗಾಳಿಯ ಬಗ್ಗೆ ತಲೆ ಕೆಡಿಸಿಕೊಂಡವರು ವಿರಳ. ಆ ವಿರಳರ ಸಾಲಿನಲ್ಲಿ ಎದ್ದು ಕಾಣುವವರು ನಮ್ಮ ಡೇಟಾ ಸೆಂಟರಿನ ತಂಪು ವ್ಯವಸ್ಥೆಯ ಹಿರಿಯ ಎಂಜಿನಿಯರ್, ನಾವೆಲ್ಲ ಸಲುಗೆಯಿಂದ ‘ಓಣಿ ಮೇಡಂ’ ಎನ್ನುವ ಮಾನ್ಯರು. ಹಾರ ತುರಾಯಿ ಕಂಡರೆ ಹಿಂಬಾಗಿಲು ಹುಡುಕುವ ಅವರಿಗೆ, ನಿವೃತ್ತಿಯ ಈ ಸಂದರ್ಭದಲ್ಲಿ ಈ ನಾಲ್ಕು ಮಾತಾದರೂ ಸಲ್ಲಲಿ.

ಅವರು ಸೇವೆಗೆ ಸೇರಿದಾಗ ಯಂತ್ರಗಳ ಹಜಾರ ಒಂದು ದೊಡ್ಡ ಐಸ್ ಪೆಟ್ಟಿಗೆಯಾಗಿತ್ತು. ಒಳಗೆ ಹೋಗುವವರು ಬಾಗಿಲ ಬಳಿಯ ಗೂಟದಿಂದ ಸ್ವೆಟರ್ ತೆಗೆದು ತೊಟ್ಟುಕೊಳ್ಳಬೇಕು. ಅಷ್ಟು ತಂಪು ಸುರಿದರೂ ಹಿಂದಿನ ಸಾಲಿನ ಯಂತ್ರಗಳು ಮಾತ್ರ ಕಾದ ಕಾವಲಿ. ಇನ್ನಷ್ಟು ತಂಪು ಬೇಕೆಂದು ಎಲ್ಲರೂ ಪಟ್ಟು ಹಿಡಿದಿದ್ದಾಗ, ಮೇಡಂ ಒಂದು ಕಡ್ಡಿಗೆ ದಾರ ಕಟ್ಟಿಕೊಂಡು, ಅದು ಯಾವ ಕಡೆಗೆ ಹಾರುತ್ತದೆಂದು ನೋಡುತ್ತ ಸಾಲು ಸಾಲು ಅಲೆದರು. ಮುಂದಿನ ಸಾಲು ಬಿಟ್ಟ ಬಿಸಿಯನ್ನೇ ಹಿಂದಿನದು ಸೇದುತ್ತಿತ್ತು.

“ಒಬ್ಬರ ಎಂಜಲು ಗಾಳೀನ ಇನ್ನೊಬ್ಬರು ಯಾಕೆ ಕುಡೀಬೇಕು?” ಎಂದರು.

ಸಾಲುಗಳನ್ನು ಮುಖಾಮುಖಿ ನಿಲ್ಲಿಸಿ, ತಂಪಿಗೊಂದು ಓಣಿ, ಬಿಸಿಗೊಂದು ಓಣಿ ಬಿಡಿಸಿ, ಬಿಸಿ ಹಿಂದಕ್ಕೆ ನುಸುಳದಂತೆ ಯಂತ್ರಗಳ ಕಪಾಟಿನ ಖಾಲಿ ಅರೆಗಳಿಗೆ ತಗಡು ಮುಚ್ಚಿ, ಹದಿನೆಂಟು ಡಿಗ್ರಿಯಲ್ಲಿದ್ದ ಗಾಳಿಯನ್ನು ಒಂದೊಂದೇ ಡಿಗ್ರಿ ಏರಿಸುತ್ತ ಇಪ್ಪತ್ತಾರಕ್ಕೆ ತಂದರು. ತಂಪಿಗೆ ಸುರಿಯುತ್ತಿದ್ದ ವಿದ್ಯುತ್ತು ಅರ್ಧಕ್ಕಿಳಿಯಿತು. ಒಂದು ಯಂತ್ರವೂ ಮುನಿಸಿಕೊಳ್ಳಲಿಲ್ಲ.

ಏರಿಸುವುದಕ್ಕಿಂತ ಏರಿಸಿದ್ದನ್ನು ಉಳಿಸುವುದೇ ಕಷ್ಟವಾಯಿತು. ಪಾಳಿಯ ಮುಖ್ಯಸ್ಥರು, ನಮ್ಮೆಲ್ಲರ ‘ತಂಪಣ್ಣ’, ಒಳ್ಳೆಯವರು, ಆದರೆ ಹಗ್ಗ ಕಂಡರೂ ಹಾವೆನ್ನುವವರು. ಬಿಸಿ ಓಣಿಯಲ್ಲಿ ಮೇಡಂ ಬೆವರುವುದನ್ನು ಕಂಡು ಕನಿಕರಪಟ್ಟು, ತಂಪು ಗಾಳಿ ಮೇಲೇಳುವ ತೂತಿನ ನೆಲಹಾಸೊಂದನ್ನು ತಂಪು ಓಣಿಯಿಂದ ಕಿತ್ತು ತಂದು ಅವರ ಕಾಲ ಬುಡದಲ್ಲೇ ಹಾಕಿಬಿಟ್ಟಿದ್ದರು. ಆ ಹಾಸಿನ ತಂಪನ್ನೇ ನಂಬಿದ್ದ ಯಂತ್ರಗಳು ಗಾಳಿಯಿಲ್ಲದೆ ಕಿರುಚಿಕೊಂಡವು. ಮೇಡಂ ಬೈಯಲಿಲ್ಲ. “ಇಲ್ಲಿ ಬೆವರಿದ್ರೇನೇ ಕೆಲಸ ಸರಿಯಾಗಿದೆ ಅಂತ ಅರ್ಥ, ತಂಪಣ್ಣ” ಎಂದು ನಗುತ್ತ, ತಾವೇ ಮಂಡಿಯೂರಿ ಹಾಸನ್ನು ಅದರ ಜಾಗಕ್ಕೆ ಕೂರಿಸಿದರು.

ತಂಗಿಯ ಮಗಳ ಮದುವೆಗೆ ಹೋಗಿ ಬಂದಾಗ ಮಾತ್ರ ಅವರಿಗೆ ನಗು ಬರಲಿಲ್ಲ. ಹಜಾರ ಮತ್ತೆ ಹದಿನೆಂಟಕ್ಕಿಳಿದಿತ್ತು. “ನೀವಿಲ್ದೆ ಭಯ ಆಯ್ತು ಮೇಡಂ” ಎಂದರು ತಂಪಣ್ಣ. ಅಂದಿನಿಂದ ಮೇಡಂ ರಜೆಯ ಮಾತೆತ್ತಲಿಲ್ಲ. ನಾಮಕರಣಕ್ಕೆ ಹೋಗಲಿಲ್ಲ, ಗೃಹಪ್ರವೇಶಕ್ಕೆ ಹೋಗಲಿಲ್ಲ. ಕರೆದು ಕರೆದು ಸಾಕಾಗಿ ನೆಂಟರು ಕರೆಯುವುದನ್ನೇ ಬಿಟ್ಟರು. ಹಗಲೆಲ್ಲ ಹಜಾರದ ಭೋರ್ಗರೆತದಲ್ಲಿ ಕೈಸನ್ನೆಯೇ ಮಾತು, ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಊರಿಗೆಲ್ಲ ವಿದ್ಯುತ್ ಉಳಿಸಲು ಹೇಳುವವರು ಚಳಿಗಾಲದಲ್ಲೂ ಟೇಬಲ್ ಫ್ಯಾನ್ ಹಾಕಿಕೊಂಡು ಮಲಗುತ್ತಿದ್ದರು. “ಸದ್ದಿಲ್ಲದಿದ್ರೆ ಮನೇಲಿ ಯಾರೂ ಇಲ್ಲ ಅಂತ ಗೊತ್ತಾಗಿಬಿಡುತ್ತೆ” ಎಂದು ಒಮ್ಮೆ ಬಾಯಿಬಿಟ್ಟಿದ್ದರು.

ನಿವೃತ್ತಿ ಹತ್ತಿರವಾದಂತೆ ಅವರನ್ನು ಕೊರೆಯುತ್ತಿದ್ದುದು ಒಂದೇ ಚಿಂತೆ: ತಾವು ಹೊರಟ ಮರುದಿನವೇ ಎಲ್ಲವೂ ನೀರಿನಲ್ಲಿ ಹೋಮವಾದೀತೇ? ಅಷ್ಟರಲ್ಲಿ ತಂಗಿಯ ಫೋನ್ ಬಂತು. “ಅಕ್ಕಾ, ಈಗಲಾದ್ರೂ ಬರ್ತೀಯಾ, ಇಲ್ಲ ನಾನು ಸತ್ತ ಮೇಲೇ ಬರೋದಾ?” ಬಂದದ್ದು ಬರಲಿ ಎಂದು ಮೇಡಂ ಹೊರಟರು. ತಂಗಿಯ ಗೊರಕೆಯ ಪಕ್ಕದಲ್ಲಿ ಫ್ಯಾನಿಲ್ಲದೆಯೂ ನಿದ್ದೆ ಬಂತು. ಆದರೂ ಮೊಬೈಲ್ ದಿಂಬಿನ ಕೆಳಗೇ ಇತ್ತು. ಅದು ಒಮ್ಮೆಯೂ ಸದ್ದು ಮಾಡಲಿಲ್ಲ.

ಹಿಂದಿರುಗಿದವರು ಚೀಲ ಕೆಳಗಿಡುವ ಮೊದಲೇ ಮಾಪಕ ನೋಡಿದರು. ಇಪ್ಪತ್ತಾರು.

“ಒಂದು ಏಸಿ ಕೈಕೊಟ್ಟಿತ್ತು ಮೇಡಂ” ಎಂದರು ತಂಪಣ್ಣ. “ನೀವು ಹೇಳಿದ ಹಾಗೇ ಉಳಿದವು ನಿಭಾಯಿಸಿದ್ವು. ನಾನು ಏನೂ ಇಳಿಸಲಿಲ್ಲ.”

“ಮತ್ತೆ ನನಗ್ಯಾಕೆ ಫೋನ್ ಮಾಡ್ಲಿಲ್ಲ?”

“ಮಾಡೋ ಅಗತ್ಯ ಬೀಳ್ಲಿಲ್ಲ ಮೇಡಂ.”

“ಒಳ್ಳೇದಾಯ್ತು” ಎಂದರಷ್ಟೇ. ಇಷ್ಟು ವರ್ಷ ಬಯಸಿದ್ದು ಕೈಗೂಡಿತ್ತು. ಅವರಿಲ್ಲದೆಯೂ ಹಜಾರ ನಡೆಯುತ್ತದೆಂಬುದೂ ಅದರ ಬೆನ್ನಿಗೇ ತಿಳಿದಿತ್ತು. ಬಿಸಿ ಓಣಿಗೆ ಹೋಗಿ, ಮಾಡಲು ಏನೂ ಇಲ್ಲದೆ, ಬಹಳ ಹೊತ್ತು ಒಬ್ಬರೇ ನಿಂತಿದ್ದರು. ಹಜಾರದ ಗಾಜಿನ ಗೋಡೆಯಾಚೆಯಿಂದ ತಂಪಣ್ಣ ಅದನ್ನು ನೋಡಿದರು.

ಮೇಡಂ ನೂರ್ಕಾಲ ಬಾಳಲಿ; ಅವರ ದಾರದ ಕಡ್ಡಿ ಇನ್ನೂ ಎಷ್ಟೋ ಹಜಾರಗಳಿಗೆ ದಾರಿ ತೋರಲಿ; ತಂಗಿಯ ಮನೆಗೆ ಅವರು ಮೇಲಿಂದ ಮೇಲೆ ಹೋಗಿ ಬರುವಂತಾಗಲಿ. ಅವರು ತಮ್ಮ ಮನೆಯಲ್ಲಿ ಒಬ್ಬರೇ ಇರುವ ಸಂಜೆಗಳಿಗಾಗಿ ತಂಪಣ್ಣ ಮಾತು ಕೊಟ್ಟಿದ್ದಾರೆ: ಅಗತ್ಯ ಬೀಳದಿದ್ದರೂ ಫೋನ್ ಮಾಡುತ್ತಾರಂತೆ.