ಕಮಲಳ ಚಾದಂಗಡಿಯ ಗೋಡೆ

ನಮ್ಮ ಸೌಮ್ಯ ಪಂಚಾಯತ್ ಚುನಾವಣೆಯಲ್ಲಿ ಗೆದ್ದಳು! ನನ್ನ ಮೊಮ್ಮಗಳು, ಏಳು ಮತಗಳಿಂದ! ಕಡಬದಲ್ಲಿ ಎಣಿಕೆ ಮುಗಿಸಿ ಅವಳೊಟ್ಟಿಗೆ ಜೀಪಿನಲ್ಲಿ ವಾಪಸು ಬರುವಾಗ, ಆಲಂಕಾರಿನ ಹತ್ತಿರ ನಮ್ಮ ವಾರ್ಡಿನ ದಲಿತ ಕಾಲೊನಿಯಲ್ಲಿರುವ ಕಮಲಳ ಚಾದಂಗಡಿಯೆದುರು ನಿಂತೆವು.

ಸಕ್ಕರೆ ಡಬ್ಬಿಯ ಮೇಲಿನ ಗೋಡೆಗೆ ಸೌಮ್ಯಳ ಬ್ಲಾಗಿನ ಪ್ರಿಂಟ್ ಅಂಟಿಸಿದ್ದರು. ಮೂರನೇ ಕ್ಲಾಸು ಓದಿದವಳು ನಾನು, ಬೆರಳಿಟ್ಟು ಓದಿದೆ. ‘ಮತ ಕೇಳಲು ಕಾಲೊನಿಗೆ ಬರುವ ದೊಡ್ಡವರು ಇಲ್ಲಿ ಕೊಟ್ಟ ಬೆಲ್ಲ ನೀರು ಮುಟ್ಟುವುದಿಲ್ಲ.’ ಮುಂದಿನ ಸಾಲನ್ನು ಬಿಳಿ ಕಾಗದದ ತುಂಡೊಂದು ಮುಚ್ಚಿತ್ತು. ಆ ಸಾಲು ನನಗೆ ಬಾಯಿಪಾಠ: ‘ನನ್ನ ಅಜ್ಜಿಯೂ ಮುಟ್ಟಿದವರಲ್ಲ.’ ಅದನ್ನು ಬರೆದದ್ದಕ್ಕೆ ನಾನು ಒಂದು ವಾರ ಸೌಮ್ಯಳ ಹತ್ತಿರ ಮಾತು ಬಿಟ್ಟಿದ್ದೆ.

“ಇದನ್ನು ಎಂತಕ್ಕೆ ಮುಚ್ಚಿದ್ದು ಕಮಲ?”

“ನೀವು ಯಾವಾಗಲಾದ್ರೂ ಬಂದ್ರೆ ಬೇಜಾರಾಗುದು ಬೇಡಾಂತ, ಅಮ್ಮ.”

“ಬೆಲ್ಲ ನೀರು ಉಂಟಾ?” ಎಂದೆ.

ಕಮಲ ನಕ್ಕಳು. “ಅದು ಮಾರ್ಲಿಕ್ಕೆ ಇಲ್ಲ. ಮನೆಗೆ ಬಂದವರಿಗೆ ಕೊಡುದು.”

“ಹಾಗಾದ್ರೆ ಮನೆಗೇ ಬರ್ತೇನೆ, ನಡಿ!”

ಅಂಗಡಿಯ ಹಿಂದೆಯೇ ಮನೆ. ಒಳಗೆ ಕೂತು, ಬೆಲ್ಲ ಕಚ್ಚಿ, ಚೊಂಬಿನ ನೀರನ್ನೆಲ್ಲ ಕುಡಿದೆ.

“ಅಜ್ಜೀ, ಬ್ಲಾಗಿನ ಆ ಸಾಲು ತೆಗಿಲಾ?” ಸೌಮ್ಯ ಕೇಳಿದಳು.

“ತೆಗೀಬೇಡ ಮಾರಾಯ್ತಿ. ಅದರ ಕೆಳಗೆ ಇದನ್ನೂ ಬರಿ!”

ಸಂಜೆ ಕಮಲ ಅಂಗಡಿ ಮುಚ್ಚಿ ನಮ್ಮಲ್ಲಿಗೆ ಬಂದಳು. ಮನೆಯವರೆಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ನನ್ನ ಪಕ್ಕದ ಎಲೆ ಕಮಲಳದು. ಪಂಚಾಯತ್ ಸದಸ್ಯೆ ಸೆರಗು ಸಿಕ್ಕಿಸಿಕೊಂಡು ಪಾಯಸ ಬಡಿಸಿದಳು.