ಹಳದಿ ಅಂಗಡಿಯ ಪ್ರಪಂಚಯಾತ್ರಿಕ

ದೊಡ್ಡ ಪ್ರವಾಸಿ ಹಡಗಿನ ಹೊಟ್ಟೆಯೊಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯೇ ಇಲ್ಲದ ಕೋಣೆಯಲ್ಲಿ ನಿಂತು ದಿನವಿಡೀ ಅಂಗಿ ಇಸ್ತ್ರಿ ಮಾಡುವವನಿಗೆ ಅವನ ಬೀದಿಯವರು ‘ಗ್ಲೋಬು’ ಎಂದು ಹೆಸರಿಟ್ಟಿದ್ದರು. ಪ್ರಪಂಚ ಸುತ್ತುವವನು ಎಂಬ ಗೌರವ ಅರ್ಧ, ಹೊಟ್ಟೆ ಗುಂಡಗಾಗಿದೆ ಎಂಬ ತಮಾಷೆ ಅರ್ಧ. ಗೌರವದ ಅರ್ಧ ಬೊಗಳೆ, ಹೊಟ್ಟೆಯ ಅರ್ಧ ಮಾತ್ರ ಅಪ್ಪಟ ನಿಜ ಎಂಬುದು ಸ್ವತಃ ಗ್ಲೋಬುವಿಗೆ ಚೆನ್ನಾಗಿ ಗೊತ್ತಿತ್ತು.

ಹಡಗು ದಡ ಮುಟ್ಟಿತೆಂಬುದು ಲಾಂಡ್ರಿಯಲ್ಲಿ ಕಣ್ಣಿಗೆ ತಿಳಿಯುತ್ತಿರಲಿಲ್ಲ, ಕಾಲಿಗೆ ತಿಳಿಯುತ್ತಿತ್ತು. ನೆಲದ ನಡುಕ ನಿಂತರೆ ಬಂದರು ಬಂತೆಂದು ಲೆಕ್ಕ. ಸರದಿ ಇದ್ದವರು ಕೈ ತೊಳೆದು, ಬೆವರಿನ ಬನಿಯನ್ ಬದಲಿಸಿ, ಕೆಲವು ಗಂಟೆಗಳ ಮಟ್ಟಿಗೆ ಮನುಷ್ಯರಾಗಿ ಹೊರಬೀಳುತ್ತಿದ್ದರು. ಗೇಟು ದಾಟಿದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: “ಹಳದಿ ಅಂಗಡಿ ಯಾವ ಕಡೆ?”

ಬನ್ನಿನ ನಡುವೆ ಏನನ್ನಾದರೂ ಇಟ್ಟು ಕಾಗದ ಸುತ್ತಿ ಕೊಡುವ, ಊರೂರಿಗೂ ಶಾಖೆ ಇರುವ ಅಂಗಡಿ ಅದು. ಅದಕ್ಕೊಂದು ಉದ್ದನೆಯ ಹೆಸರೂ ಇತ್ತು. ಲಾಂಡ್ರಿಯವರು ಯಾರೂ ಅದನ್ನು ಓದುವ ಕಷ್ಟ ತೆಗೆದುಕೊಂಡಿರಲಿಲ್ಲ. ಯಾವ ಸಮುದ್ರದ ಯಾವ ದಡಕ್ಕೆ ಹೋಗಿ, ಅದೇ ಹಳದಿ ಕುರ್ಚಿ, ಎಡಗಡೆ ಟಾಯ್ಲೆಟ್ಟು, ಕಿಟಕಿ ಪಕ್ಕ ಪ್ಲಗ್ಗು, ಪುಕ್ಕಟೆ ವೈಫೈ. ಬೋರ್ಡಿನ ಮೇಲಿನ ಮೂರನೇ ಚಿತ್ರ ಗ್ಲೋಬುವಿನ ಊಟ. ಮೂರು ಬೆರಳು ಎತ್ತಿದರೆ ಟ್ರೇ ಬರುತ್ತಿತ್ತು. ನಾಲಿಗೆಗೆ ರುಚಿ ನೋಡುವುದಲ್ಲದೆ ಮಾತಾಡುವ ಕೆಲಸವೇ ಇರಲಿಲ್ಲ. ಹೀಗಾಗಿ ಊರುಗಳ ನಿಜವಾದ ಹೆಸರುಗಳನ್ನೂ ಲಾಂಡ್ರಿಯವರು ಮರೆತಿದ್ದರು. ಒಂದು ‘ಪ್ಲಗ್ ಸಡಿಲ ಇರೋ ಊರು’, ಇನ್ನೊಂದು ‘ಟಾಯ್ಲೆಟ್ ಕೀ ಕೇಳಿ ಇಸ್ಕೋಬೇಕಾದ ಊರು’, ಮತ್ತೊಂದು ‘ಸಾಸ್ ಎರಡು ಕೊಡೋ ಊರು’.

ಟ್ರೇ ಮುಂದಿಟ್ಟುಕೊಂಡು ಗ್ಲೋಬು ಮನೆಗೆ ಫೋನು ಹಚ್ಚುತ್ತಿದ್ದ. ಅಮ್ಮ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವವಳು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು.

“ಇವತ್ತು ಏನೇನು ನೋಡ್ದೆ ಮಗಾ?”

“ಕೋಟೆ ನೋಡ್ದೆ ಅಮ್ಮ. ಎಂಥಾ ಕೋಟೆ ಅಂತೀಯಾ, ಕತ್ತು ನೋವು ಬಂತು.”

ಕೋಟೆ ಬಂದರಿನ ಗೇಟಿನ ಪಕ್ಕ ಅಂಟಿಸಿದ್ದ ಪೋಸ್ಟರಿನಲ್ಲಿತ್ತು. ಅದರದೇ ಫೋಟೋ ತೆಗೆದು ಮನೆಗೆ ಕಳಿಸಿಯೂ ಇದ್ದ. ಪೋಸ್ಟರನ್ನು ಎತ್ತರದಲ್ಲಿ ಅಂಟಿಸಿದ್ದರಿಂದ ಕತ್ತು ನೋವೇನೋ ಸುಳ್ಳಲ್ಲ. ಅಮ್ಮ ಆ ಕೋಟೆಯನ್ನು ಹಾಸ್ಟೆಲ್ಲಿನ ವಾರ್ಡನ್ನಿಗೆ ಹೇಳಿದಳು, ಹಾಲಿನವನಿಗೆ ಹೇಳಿದಳು, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದಳು. ಮಗ ನೋಡದ ಊರುಗಳ ಕೀರ್ತಿ ಬೀದಿ ತುಂಬಿತು. ಇನ್ನು ಹಿಂದೆಗೆದುಕೊಳ್ಳುವ ಬಾಬತ್ತಲ್ಲ ಎಂದು ಗ್ಲೋಬು ಮುಂದಿನ ಬಂದರಿನಲ್ಲಿ ಒಂದು ಅರಮನೆಯನ್ನೂ ಸೇರಿಸಿದ.

ಅಷ್ಟರಲ್ಲಿ ಹಡಗಿನ ಕಚೇರಿ ಅವನಿಗೊಂದು ಉಪಕಾರ ಮಾಡಿತು. ಹಲವು ವರ್ಷ ದುಡಿದವರ ಮನೆಯ ಇಬ್ಬರಿಗೆ ಒಂದು ವಾರ ಹಡಗಿನಲ್ಲಿ ಪುಕ್ಕಟೆ ಪ್ರಯಾಣ. ಅಪ್ಪ, “ನನಗೆ ಬಕೆಟ್ ನೀರು ನೋಡಿದ್ರೇ ತಲೆ ಸುತ್ತುತ್ತೆ,” ಎಂದು ಹಿಂದೆ ಸರಿದ. ಅಮ್ಮ ಮತ್ತು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿ ಹೊರಟೇಬಿಟ್ಟರು.

ಹಡಗು ಹತ್ತಿದ ಮೊದಲ ದಿನವೇ ಅಮ್ಮ ಮಗನ ಗಲ್ಲ ಹಿಡಿದಳು. “ನನಗೆ ಈಜುಕೊಳ ಬೇಡ, ಡ್ಯಾನ್ಸು ಬೇಡ. ನೀನು ನೋಡಿರೋ ಒಂದು ಊರನ್ನ ನಿನ್ನ ಜೊತೆ ನೋಡ್ಬೇಕು. ಅಷ್ಟೇ.”

ಗ್ಲೋಬುವಿಗೆ ಆ ವಾರ ಮೊದಲ ಬಿಡುವು ಸಿಕ್ಕಿದ್ದು ಒಂದು ಮಧ್ಯಾಹ್ನ, ‘ಸಾಸ್ ಎರಡು ಕೊಡೋ ಊರಿ’ನಲ್ಲಿ. ಆ ಊರಿಗೆ ಅವನು ಎಷ್ಟು ಸಲ ಬಂದಿದ್ದನೆಂದರೆ ಅಂಗಡಿಯ ಕಿಟಕಿಯಿಂದ ಕಾಣುವ ಗಡಿಯಾರದ ಗೋಪುರದ ಬಣ್ಣ ಎರಡು ಸಲ ಬದಲಾದದ್ದು ಅವನಿಗೆ ನೆನಪಿತ್ತು. ಆದರೆ ಗೋಪುರದ ಬುಡ ಹೇಗಿದೆಯೆಂದು ಕೇಳಿದರೆ ಬೆಬ್ಬೆಬ್ಬೆ. ಅಮ್ಮನ ಮುಂದೆ ಇವತ್ತು ಬಣ್ಣ ಬಯಲಾದರೆ ಹಾಲಿನವನವರೆಗೂ ಮಾನ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಮ್ಮನ ಮುಖ ಹೇಗಾಗುತ್ತದೋ ಎಂಬ ಹೆದರಿಕೆ ಅವನಿಗೆ.

ಲಾಂಡ್ರಿಯ ಹಿರಿಯನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಗ್ಲೋಬು ಅವನ ಬಳಿ ಹೋದ. “ಮೇಸ್ತ್ರಿ, ಆ ಊರಲ್ಲಿ ನೋಡೋಕೆ ಏನಿದೆ?”

“ಇದೆಯಲ್ಲಪ್ಪ, ಮಹಡಿ ಮೇಲೂ ಕೂರೋಕೆ ಜಾಗ ಇದೆ.”

“ಅಂಗಡಿ ಅಲ್ಲ ಮೇಸ್ತ್ರಿ, ಊರು!”

ಮೇಸ್ತ್ರಿ ಹಬೆಯಲ್ಲಿ ಮುಖ ಒರೆಸಿಕೊಂಡು ಬಹಳ ಯೋಚಿಸಿದ. “ಊರು ಅಂಗಡಿ ಹಿಂದೆ ಇರ್ಬೇಕು,” ಎಂದ.

ಆ ಮಧ್ಯಾಹ್ನ ಗ್ಲೋಬು ತಾನೇ ಗರಿಗರಿಯಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಿಂದೆ ಅಮ್ಮ, ಅವಳ ಹಿಂದೆ ತಂಗಿಯನ್ನು ಕಟ್ಟಿಕೊಂಡು ಗೇಟು ದಾಟಿದ. ಹಳದಿ ಅಂಗಡಿ ಬಂತು. ಅವನ ಕಾಲು ಅಭ್ಯಾಸಬಲದಿಂದ ಆ ಕಡೆ ತಿರುಗಿತು. ಮನಸ್ಸಿನಲ್ಲೇ ಕಾಲಿಗೆ ಬೈದು, ನೇರ ಮುಂದೆ ನಡೆದ. ಆದರೆ ಒಳಗಿನಿಂದ ಯಾರೋ ಗಾಜು ಬಡಿದರು. ಕೌಂಟರಿನ ಹುಡುಗಿ, ಮುಖ ತುಂಬ ನಗು. ಮೂರು ಬೆರಳು ಎತ್ತಿ, ಹುಬ್ಬು ಹಾರಿಸಿ ಕೇಳುತ್ತಿದ್ದಾಳೆ: ಮಾಮೂಲಿದೇನಾ?

ಅಮ್ಮ ನಿಂತುಬಿಟ್ಟಳು. “ಯಾರೋ ಅವಳು? ಮೂರು ಬೆರಳು ಯಾಕೆ ತೋರಿಸ್ತಾಳೆ?”

“ಅದು... ಈ ಊರಲ್ಲಿ ನಮಸ್ಕಾರ ಮಾಡೋದೇ ಹಾಗೆ ಅಮ್ಮ.”

ತಂಗಿ ಕೆಮ್ಮಿದಳು. ಅಮ್ಮ ಮಾತ್ರ ಗಂಭೀರವಾಗಿ ಮೂರು ಬೆರಳು ಎತ್ತಿ ಕೌಂಟರಿನ ಹುಡುಗಿಗೆ ನಮಸ್ಕರಿಸಿದಳು. ಅಲ್ಲಿಂದ ಮುಂದೆ ಸಿಕ್ಕವರಿಗೆಲ್ಲ ಅದೇ: ಪೋಸ್ಟ್‌ಮ್ಯಾನ್‌ಗೆ, ಪೊಲೀಸಿಗೆ, ತಳ್ಳುಗಾಡಿಯಲ್ಲಿ ಕೂತ ಮಗುವಿಗೆ. ಮಗುವೊಂದೇ ಮರುನಮಸ್ಕಾರ ಮಾಡಿತು, ಅದೂ ಐದು ಬೆರಳಲ್ಲಿ.

“ಸಣ್ಣೋರು ಐದು ತೋರಿಸ್ಬೇಕೇನೋ,” ಎಂದಳು ಅಮ್ಮ.

“ಹೂಂ, ಹಿರಿಯರಿಗೆ ಡಿಸ್ಕೌಂಟು,” ಎಂದಳು ತಂಗಿ.

ಗ್ಲೋಬು ಗೋಪುರದ ದಿಕ್ಕು ಹಿಡಿದು ನಡೆದ. ಕಿಟಕಿಯಿಂದ ಕೈಗೆಟಕುವಂತಿದ್ದ ಗೋಪುರ ಬೀದಿಗೆ ಇಳಿದ ಮೇಲೆ ಮನೆಗಳ ಹಿಂದೆ ಅವಿತುಕೊಂಡಿತು. ಸುಮ್ಮನೆ ನಡೆದರೆ ಅನುಮಾನ ಬರುತ್ತದೆಂದು ಅವನು ದಾರಿಯಲ್ಲಿ ಸಿಕ್ಕ ದೊಡ್ಡ ಕಂಬಗಳ ಕಟ್ಟಡಕ್ಕೆ ಕೈ ತೋರಿಸಿದ. “ಇದು ಇಲ್ಲಿನ ಹಳೇ ಕೋರ್ಟು.”

ಬಾಗಿಲು ತೆರೆಯಿತು. ಭುಜದ ಮೇಲೆ ಟವೆಲ್ ಹಾಕಿಕೊಂಡ ನಾಲ್ಕಾರು ಜನ ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ಇಳಿದು ಬಂದರು.

“ಕೋರ್ಟಿಂದ ಯಾಕೋ ಹೀಗೆ ನೆಂದ್ಕೊಂಡು ಬರ್ತಾರೆ?”

“ಬೆವರಿಳಿಸಿ ಕಳಿಸಿದ್ದಾರೆ ಅಮ್ಮ,” ಎಂದಳು ತಂಗಿ. “ಅಣ್ಣ, ಮುಂದಿನದು ಜೈಲಾ? ಅಲ್ಲಿ ಸೋಪು ಕೊಡ್ತಾರಾ?”

‘ಬಾಯಿ ಮುಚ್ಕೊಂಡಿದ್ರೆ ನಿನ್ನಪ್ಪನ ಗಂಟೇನು ಹೋಗ್ತಿತ್ತು?’ ಎಂದು ಗ್ಲೋಬು ತನ್ನನ್ನೇ ಕೇಳಿಕೊಂಡ. ಆಮೇಲೆ ಅವನು ಯಾವ ಕಟ್ಟಡಕ್ಕೂ ಕೈ ತೋರಿಸಲಿಲ್ಲ. ಬೀದಿ ಕವಲೊಡೆಯಿತು, ಕವಲು ಮತ್ತೆ ಕವಲೊಡೆಯಿತು. ಗೋಪುರ ಒಮ್ಮೆ ಬಲಕ್ಕೆ ಕಂಡರೆ ಇನ್ನೊಮ್ಮೆ ಬೆನ್ನ ಹಿಂದೆ ಕಾಣುತ್ತಿತ್ತು. ಇನ್ನೇನು ಅಳು ಬರಬೇಕು ಅನ್ನುವಷ್ಟರಲ್ಲಿ, ಬೀದಿಯ ತುದಿಯಲ್ಲಿ ಹಳದಿ ಬೋರ್ಡು! ಕಳೆದುಹೋದ ಕರು ಕೊಟ್ಟಿಗೆ ಕಂಡಂತೆ ಅವನು ಅತ್ತ ನುಗ್ಗಿದ.

“ನೋಡಿದ್ರಾ? ಒಂದು ರೌಂಡ್ ಹೊಡೆದು ಕರೆಕ್ಟಾಗಿ ಹೊರಟಲ್ಲಿಗೇ ತಂದೆ.”

ಒಳಗೆ ಅದೇ ಹಳದಿ ಕುರ್ಚಿ, ಕಿಟಕಿ ಪಕ್ಕ ಅದೇ ಪ್ಲಗ್ಗು. ಗ್ಲೋಬು ಕಣ್ಣು ಮುಚ್ಚಿಕೊಂಡೇ ಎಡಗಡೆಯ ಟಾಯ್ಲೆಟ್ಟಿಗೆ ಹೋಗಿ ಮುಖ ತೊಳೆದು ಬಂದ. ಬಂದು ನೋಡಿದರೆ ಅಮ್ಮನ ಮುಂದೆ ಬನ್ನಿನ ಟ್ರೇ. ಕೌಂಟರಿನವನು ಹಣಕ್ಕಾಗಿ ಕೈ ಚಾಚಿ ನಿಂತಿದ್ದಾನೆ. ತಂಗಿ ಮೇಜಿನ ಮೇಲೆ ತಲೆಯಿಟ್ಟು ಅಲುಗಾಡುತ್ತಿದ್ದಾಳೆ.

“ನಾನು ನಮಸ್ಕಾರ ಮಾಡ್ದೆ ಕಣೋ, ಅಷ್ಟೇ,” ಎಂದಳು ಅಮ್ಮ. “ಕೂರಿಸಿ ಊಟ ಕೊಟ್ಟ. ಈಗ ದುಡ್ಡು ಕೇಳ್ತಿದ್ದಾನೆ.”

ಗ್ಲೋಬು ಹಣ ಕೊಟ್ಟ. ಅಮ್ಮ ಗೋಡೆಯ ಮೇಲಿನ ಮೂರನೇ ಚಿತ್ರ ನೋಡಿದಳು, ಟ್ರೇ ನೋಡಿದಳು, ಮಗನ ಮೂರು ಬೆರಳನ್ನೂ ಹೊಟ್ಟೆಯನ್ನೂ ನೋಡಿದಳು. ಬನ್ನು ಮುರಿದು ಮೂವರಿಗೂ ಹಂಚಿದಳು. ಒಂದು ತುಂಡು ತಿಂದು, “ಉಪ್ಪು ಮುಂದು,” ಎಂದಳು. ಆ ಎರಡು ಮಾತಿಗಿಂತ ನಾಲ್ಕು ಬೈಗುಳ ಆಗಿದ್ದರೆ ವಾಸಿ ಎನಿಸಿತು ಗ್ಲೋಬುವಿಗೆ.

ಹಡಗಿಗೆ ಮರಳುವ ಹೊತ್ತಾಗಿತ್ತು. ಅಂಗಡಿಯಿಂದ ಬಂದರಿನ ದಾರಿಯಂತೂ ಅವನಿಗೆ ನಿದ್ದೆಯಲ್ಲೂ ಗೊತ್ತು: ಬಾಗಿಲಿನಿಂದ ಬಲಕ್ಕೆ, ಎರಡನೇ ಸಂದಿ, ಎದುರಿಗೆ ಗೇಟು. ಬಲಕ್ಕೆ ತಿರುಗಿದ. ಎರಡನೇ ಸಂದಿ ಹೊಕ್ಕ. ಎದುರಿಗೆ ಸಮುದ್ರವಿಲ್ಲ, ಗೇಟಿಲ್ಲ, ಹಡಗಂತೂ ಇಲ್ಲವೇ ಇಲ್ಲ. ಒಂದು ಬಸ್ ಡಿಪೋ. ಸಾಲಾಗಿ ನಿಂತ ಬಸ್ಸುಗಳಿಗೆ ಹೆಂಗಸೊಬ್ಬಳು ಪೈಪಿನಿಂದ ನೀರು ಹೊಡೆಯುತ್ತಿದ್ದಾಳೆ.

ಗ್ಲೋಬು ಹಿಂದೆ ಓಡಿ ಅಂಗಡಿಯ ಬೋರ್ಡು ನೋಡಿದ. ಬೋರ್ಡು ಅದೇ. ಕುರ್ಚಿ ಅದೇ. ಆದರೆ ಕೌಂಟರಿನಲ್ಲಿ ಹುಡುಗಿಯ ಬದಲು ಮೀಸೆಯವನು! ಒಂದೇ ಊರಿಗೆ ಎರಡು ಹಳದಿ ಅಂಗಡಿ ಇರಬಹುದೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನ ತಲೆಗೆ ಹೊಳೆದಿರಲಿಲ್ಲ. ಹೊಳೆಯಲು ಒಂದನೆಯದರ ಕುರ್ಚಿಯಿಂದ ಎದ್ದರಲ್ಲವೇ?

ವಾಪಸು ಬಂದು ಅಮ್ಮನ ಮುಂದೆ ನಿಂತ. ಇಸ್ತ್ರಿಯ ಗೆರೆಗಳೆಲ್ಲ ಬೆವರಿಗೆ ಅಳಿಸಿಹೋಗಿದ್ದವು.

“ಅಮ್ಮ, ನಂಗೆ ಈ ಊರು ಗೊತ್ತಿಲ್ಲ. ಯಾವ ಊರೂ ಗೊತ್ತಿಲ್ಲ.”

“ಇಷ್ಟು ಹೇಳೋಕೆ ಇಷ್ಟು ದೂರ ನಡೆಸಿದ್ಯಾ?” ಎಂದಳು ಅಮ್ಮ.

“ಕೋಟೆ?” ಎಂದಳು ತಂಗಿ, ಕರುಣೆಯಿಲ್ಲದೆ. “ಕೋಟೆ ಫೋಟೋದ ಮೂಲೇಲಿ ಸೆಲ್ಲೋಟೇಪ್ ಇತ್ತಣ್ಣ. ಝೆರಾಕ್ಸ್ ಅಂಗಡಿಯವಳ ಕಣ್ಣಿಗೇ ಮಣ್ಣೆರಚ್ತೀಯಾ?”

“ಮತ್ತೆ ಅವತ್ತೇ ಯಾಕೇ ಹೇಳ್ಲಿಲ್ಲ?” ಎಂದು ಅಮ್ಮ ಅವಳ ಕಡೆ ತಿರುಗಿದಳು.

“ನೀನು ಅಷ್ಟು ಹೊತ್ತಿಗೆ ಹಾಲಿನವನಿಗೆ ಹೇಳಿ ಆಗಿತ್ತಲ್ಲ.”

ಅಮ್ಮನ ಮುಖ ಗ್ಲೋಬು ಹೆದರಿದಂತೆಯೇ ಆಯಿತು, ಒಂದು ಕ್ಷಣ, ಆರಿದ ಒಲೆಯ ಹಾಗೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಸರಿ. ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಯಾರನ್ನಾದ್ರೂ ಕೇಳಿದ್ಯಾ?”

ಕೇಳುವುದು! ಹಳದಿ ಅಂಗಡಿ ಅವನಿಗೆ ಮರೆಸಿದ್ದ ವಿದ್ಯೆ ಅದೊಂದೇ. ಅಮ್ಮ ನೇರ ಬಸ್ ತೊಳೆಯುವವಳ ಬಳಿ ಹೋಗಿ, ಹಾಸ್ಟೆಲ್ ಅಡುಗೆಮನೆಯ ಗಂಟಲಲ್ಲಿ, ಅಚ್ಚ ಕನ್ನಡದಲ್ಲೇ ಕೇಳಿದಳು: “ಅಕ್ಕಾ, ಹಡಗು ಎಲ್ಲಿ?” ಎರಡು ಕೈಯಲ್ಲಿ ಹಡಗು ಮಾಡಿ ತೇಲಿಸಿದಳು. ಬಾಯಲ್ಲಿ ಹಾರ್ನ್ ಹೊಡೆದಳು. ಮಗನ ಕಡೆ ಕೈ ಮಾಡಿ, ಹಣೆ ಬಡಿದುಕೊಂಡಳು. ಅಷ್ಟಕ್ಕೆ ಆ ಹೆಂಗಸಿಗೆ ಸಕಲವೂ ಅರ್ಥವಾಯಿತು. ಪೈಪು ನಿಲ್ಲಿಸಿ, ಬನ್ನಿ ಎಂದು ಕೈ ಬೀಸಿದಳು.

ಡಿಪೋದ ಹಿಂದೆ ಅವಳ ವಠಾರ. ಮೆಟ್ಟಿಲು ಹತ್ತಿಸಿ ತಾರಸಿಗೆ ಕರೆದೊಯ್ದಳು. ಹಗ್ಗದ ತುಂಬ ಬಟ್ಟೆ, ಅದರಾಚೆ ಇಡೀ ಊರು. ಗಡಿಯಾರದ ಗೋಪುರ ಬುಡ ಸಮೇತ, ಅದರ ಕೆಳಗೆ ಹೂವಿನ ಸಂತೆ, ಸಂತೆಯ ಆಚೆ ಇಳಿಜಾರು ಬೀದಿ, ಬೀದಿಯ ಕೊನೆಯಲ್ಲಿ ಬಿಳಿ ಹಡಗು. ಗ್ಲೋಬು ಬಾಯಿ ತೆರೆದುಕೊಂಡು ನಿಂತ. ನಾಲ್ಕು ಹೆಜ್ಜೆಯಾಚೆ ಇಷ್ಟೆಲ್ಲ ಇಟ್ಟುಕೊಂಡು ಇದು ತನಗೆ ಎರಡು ಸಾಸ್ ಕೊಡುವ ಊರು ಮಾತ್ರ ಆಗಿತ್ತಲ್ಲ ಎಂದುಕೊಂಡ.

“ಬಾಯಿ ಮುಚ್ಚು, ನೊಣ ಹೋಗುತ್ತೆ,” ಎಂದಳು ಅಮ್ಮ. “ಸಂತೆ ಮೇಲೇ ಹೋಗೋಣ. ತಡ ಆದ್ರೆ ಏನು ಮಾಡ್ತಾರೆ ನಿಂಗೆ?”

“ಬೈತಾರೆ. ಒಂದೆರಡು ಬಂದರಲ್ಲಿ ಇಳಿಯೋಕೆ ಬಿಡಲ್ಲ.”

“ಇಳಿದು ನೀನು ಕಡಿದು ಕಟ್ಟೆ ಹಾಕಿದ್ದು ಅಷ್ಟರಲ್ಲೇ ಇದೆ. ನಡಿ.”

ತಡವಾಯಿತು. ಅಮ್ಮ ಗೋಪುರದ ಬುಡವನ್ನು ಸುತ್ತಲೂ ನೋಡಿದಳು, ಸಂತೆಯ ಮುದುಕಿಯೊಬ್ಬಳ ಜೊತೆ ಸನ್ನೆಯಲ್ಲೇ ಮಂಡಿನೋವಿನ ವಿಷಯ ಮಾತಾಡಿದಳು, ಮಗನಿಂದಲೂ ಮಾತಾಡಿಸಿದಳು. ಹಡಗಿನ ಬಾಗಿಲಲ್ಲಿ ಕಾವಲಿನವನು ಗಡಿಯಾರ ತೋರಿಸಿ ಗ್ಲೋಬುವಿನ ದಡಕ್ಕಿಳಿಯುವ ಚೀಟಿ ಕಿತ್ತುಕೊಂಡ. ಮುಂದಿನ ಬಂದರಿನಲ್ಲಿ ಇಳಿಯುವಂತಿಲ್ಲ.

ಹೀಗಾಗಿ ಹಡಗು ಮೊದಲ ಸಲ ಮುಟ್ಟಿದ ಆ ಮುಂದಿನ ಬಂದರಿನಲ್ಲಿ ಅಮ್ಮ, ತಂಗಿ ಇಬ್ಬರೇ ಇಳಿದರು. ಗ್ಲೋಬು ನೆಲದ ನಡುಕ ನಿಂತಿದ್ದನ್ನು ಕಾಲಲ್ಲೇ ಅನುಭವಿಸುತ್ತ ಇಸ್ತ್ರಿ ತಿಕ್ಕಿದ. ಊಟದ ಹೊತ್ತಿಗೆ ಅಮ್ಮ ಸಿಕ್ಕಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಬಾಯಿ ನಿಲ್ಲುತ್ತಿರಲಿಲ್ಲ: ಸೇತುವೆ ನಡುವೆ ತೆರೆದುಕೊಂಡು ದೋಣಿಗೆ ದಾರಿ ಬಿಡುತ್ತದಂತೆ, ಗಾಜು ಊದುವ ಕುಲುಮೆ ಇದೆಯಂತೆ, ಅಲ್ಲಿನವನು ಅವಳ ಕೈಗೇ ಕೊಳವೆ ಕೊಟ್ಟನಂತೆ. ಗ್ಲೋಬು ಅನ್ನ ಕಲಸುವುದನ್ನೂ ಮರೆತು ಕೇಳಿದ. “ಆಮೇಲೆ? ಸೇತುವೆ ಎಷ್ಟು ಹೊತ್ತು ತೆರೆದಿರುತ್ತೆ? ಯಾವ ಕಡೆಯಿಂದ ಹೋಗ್ಬೇಕು?”

ಕೆಳಗಿಳಿದು ಬಂದು ಲಾಂಡ್ರಿಯಲ್ಲಿ ಎಲ್ಲವನ್ನೂ ಒಪ್ಪಿಸಿದ. ‘ನಾನು ನೋಡ್ದೆ’ ಎಂಬ ಮಾತು ಹಳೇ ಚಾಳಿಯಂತೆ ನಾಲಿಗೆಯ ತುದಿಗೆ ಬಂದೇಬಂತು. ಅದನ್ನು ನುಂಗಿಕೊಂಡು, “ನಮ್ಮಮ್ಮ ನೋಡಿದ್ಳು,” ಎಂದ.

ಎಲ್ಲರೂ ಕೈ ನಿಲ್ಲಿಸಿ ಕೇಳಿದರು. ಕೊನೆಗೆ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. “ಎಲ್ಲ ಸರಿನಪ್ಪ. ಹಳದಿ ಅಂಗಡಿ ಯಾವ ಕಡೆ ಇದೆಯಂತೆ?”

“ಕೇಳ್ದೆ ಮೇಸ್ತ್ರಿ. ಇತ್ತೋ ಏನೋ, ನೋಡ್ಲಿಲ್ಲ ಅಂದ್ಳು.”

ಮೇಸ್ತ್ರಿಯ ಮುಖದಲ್ಲಿ ನಿಜವಾದ ಆತಂಕ. “ಹಾಗಾದ್ರೆ ಮುಂದಿನ ಸಲ ಬಂದಾಗ ನಾವು ಎಲ್ಲಿಗೆ ಹೋಗೋದೋ?”

“ಸೇತುವೆಗೆ,” ಎಂದ ಗ್ಲೋಬು, ಅಂಗಿಯ ಕಾಲರ್ ಬಿಡಿಸುತ್ತ. “ದಾರಿ ನಾನು ಕೇಳ್ತೀನಿ.”